ಹೂ ಬಿಡದ ಗಡ್ಡೆಯ ಕತೆ



"ಯುವಕ ಯುವತಿಯರು ಓದುವಂಥದ್ದು ಏನಾದರೂ ಬರೆದುಕೊಡಿ" ಎಂದು ನಮ್ಮ ಪತ್ರಿಕೆಯ ಸಂಪಾದಕರು ಕೇಳಿದಾಗ ನನಗೆ ನಗು ಬಂತು. ನಾನೊಬ್ಬ ಗೃಹಿಣಿ. ಬಿ.ಎ.ಯಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದವಳು ನಿಜ. ಆದರೆ ಆ ಓದು ಹೆಚ್ಚಾಗಿ ಉಪಯೋಗಕ್ಕೆ ಬಂದದ್ದು ಮಗಳ ಹೋಂವರ್ಕ್ ಮಾಡಿಸುವುದಕ್ಕೆ. ನನಗೆ ಚೆನ್ನಾಗಿ ಗೊತ್ತಿರುವುದು ಅಡುಗೆಮನೆ, ಮತ್ತು ಅದರ ಬಾಗಿಲಿನಾಚೆ ಬಾಲ್ಕನಿಯಲ್ಲಿರುವ ಎಂಟು ಹತ್ತು ಕುಂಡಗಳು. ಆದ್ದರಿಂದ ಒಂದು ಕುಂಡದ ಕತೆಯನ್ನೇ ಹೇಳುತ್ತೇನೆ. ಬೇಸರವಾದರೆ ಪುಟ ತಿರುಗಿಸಿ, ನಾನೇನೂ ಅಂದುಕೊಳ್ಳುವುದಿಲ್ಲ. ಆದರೆ ಈ ಕತೆಯೊಳಗೆ ನಿಮ್ಮಲ್ಲಿ ಕೆಲವರಿಗೆ ನಾನು ಹೇಳಲೇಬೇಕಾದ ಒಂದು ಮಾತಿದೆ. ಅದಕ್ಕಾಗಿಯಾದರೂ ಕೊನೆಯವರೆಗೆ ಬನ್ನಿ.

ಆ ಕುಂಡದಲ್ಲಿರುವುದು ಐರಿಸ್. ನಮ್ಮ ಮನೆಗೆ ಬಂದವರೆಲ್ಲ ಅದನ್ನು ನೋಡಿ "ಇದೇನು, ಹುಲ್ಲು ಬೆಳೆಸಿದ್ದೀರಾ?" ಎಂದು ಕೇಳುತ್ತಾರೆ. ಕತ್ತಿಯಂಥ ಚಪ್ಪಟೆ ಎಲೆಗಳು, ಬೀಸಣಿಗೆ ಬಿಚ್ಚಿದ ಹಾಗೆ. ಅಷ್ಟೇ. ದೆಹಲಿಗೆ ಬಂದ ಮೇಲೆ ಅದು ಒಂದು ದಿನವೂ ಹೂ ಬಿಟ್ಟಿಲ್ಲ. ಆದರೂ ನಾನು ಅದನ್ನು ಎಸೆದಿಲ್ಲ. ಏಕೆಂದರೆ ಅದು ಹೂ ಬಿಟ್ಟಾಗ ಹೇಗಿರುತ್ತದೆಂದು ನಾನು ನೋಡಿದ್ದೇನೆ.

2001ರಲ್ಲಿ ನಮ್ಮ ಮನೆಯವರಿಗೆ ಶಿಮ್ಲಾಕ್ಕೆ ವರ್ಗವಾಯಿತು. ಮಗಳಿಗೆ ಆಗ ನಾಲ್ಕು ವರ್ಷ. ಸಾಗರದ ಅಡಿಕೆ ತೋಟದ ನಡುವೆ ಬೆಳೆದ ನನಗೆ ಮಳೆ ಗೊತ್ತಿತ್ತು, ಹಿಮ ಗೊತ್ತಿರಲಿಲ್ಲ. ಸುಮಾರು 2200 ಮೀಟರ್ ಎತ್ತರದ ಊರು ಅದು. ನಾವಿದ್ದ ಬಾಡಿಗೆ ಮನೆಯ ಹಿಂದೆ ಕಲ್ಲು ಕಟ್ಟಿದ ಇಳಿಜಾರು. ಅದರ ಅಂಚಿನಲ್ಲಿ ಮಣ್ಣಿನ ಮೇಲೆ ಶುಂಠಿಯ ತುಂಡುಗಳನ್ನು ಯಾರೋ ಚೆಲ್ಲಿ ಹೋದಂತೆ ಕಂದು ಬಣ್ಣದ ಗಡ್ಡೆಗಳು. ಡಿಸೆಂಬರಿನಲ್ಲಿ ಎಲೆಗಳೆಲ್ಲ ಬಾಡಿ ಬಿದ್ದವು, ಜನವರಿಯಲ್ಲಿ ಹಿಮ ಮುಚ್ಚಿತು. ನಾನು ಸತ್ತೇ ಹೋಯಿತೆಂದುಕೊಂಡೆ. ಹಿಮ ಕರಗಿದ ಮೇಲೆ ನೋಡಿದರೆ ಪ್ರತಿ ಗಡ್ಡೆಯ ತುದಿಯಲ್ಲೂ ಹಸಿರು ಮೊನೆ. ಏಪ್ರಿಲ್ ಕಳೆಯುವಷ್ಟರಲ್ಲಿ ಆ ಅಂಚು ಪೂರ್ತಿ ನೇರಳೆ.

ಹೂವಿನ ರಚನೆಯೂ ವಿಚಿತ್ರ. ಮೂರು ದಳ ಮೇಲಕ್ಕೆ ಗೋಪುರದಂತೆ ನಿಲ್ಲುತ್ತವೆ, ಮೂರು ದಳ ಕೆಳಕ್ಕೆ ನಾಲಿಗೆಯಂತೆ ಇಳಿಬೀಳುತ್ತವೆ. ಇಳಿಬಿದ್ದ ದಳದ ಮೇಲೆ ಸಣ್ಣ ಕೂದಲಿನ ಹಳದಿ ಪಟ್ಟಿ. ಅದಕ್ಕೇ ಈ ಜಾತಿಯನ್ನು ಗಡ್ಡದ ಐರಿಸ್ ಎನ್ನುತ್ತಾರೆ. ಮೇಲೆ ಗಡ್ಡ, ಕೆಳಗೆ ಗಡ್ಡೆ ಎಂದು ನಮ್ಮ ಮನೆಯವರು ತಮಾಷೆ ಮಾಡುತ್ತಿದ್ದರು. ಐರಿಸ್ ಎಂದರೆ ಗ್ರೀಕರ ಕಾಮನಬಿಲ್ಲಿನ ದೇವತೆ. ಬಿ.ಎ. ಓದುವಾಗ ಇಂಗ್ಲೆಂಡಿನ ಎಷ್ಟೊಂದು ಹೂಗಳ ಹೆಸರನ್ನು ನಾವು ಒಂದನ್ನೂ ಕಾಣದೆ ಬಾಯಿಪಾಠ ಮಾಡಿದ್ದೆವು! ಶೇಕ್ಸ್‌ಪಿಯರನ 'ದ ವಿಂಟರ್ಸ್ ಟೇಲ್' ನಾಟಕದ ಪರ್ಡಿಟಾ ಹೇಳುವ ಹೂಗಳ ಪಟ್ಟಿಯಲ್ಲಿ ಬರುವ 'ಫ್ಲವರ್ ಡಿ ಲೂಸ್' ಈ ಐರಿಸ್ ಕುಲದ್ದೇ ಎನ್ನುತ್ತಾರೆ. ಹತ್ತು ವರ್ಷ ತಡವಾಗಿ, ಕೈಯಲ್ಲಿ ಪಾತ್ರೆ ತಿಕ್ಕುವ ನಾರು ಹಿಡಿದುಕೊಂಡು, ನಾನು ಆ ಪಾಠವನ್ನು ಕಣ್ಣಾರೆ ಕಂಡೆ.

ಮನೆ ಮಾಲೀಕರ ತಾಯಿ, ಎಪ್ಪತ್ತು ದಾಟಿದ ಪಹಾಡಿ ಹೆಂಗಸು, ಈ ಗಡ್ಡೆಗಳ ಯಜಮಾನಿ. ನಾವೆಲ್ಲ ಅವರನ್ನು ಮಾತಾಜಿ ಎಂದೇ ಕರೆಯುತ್ತಿದ್ದೆವು. ಇದು ಬೇರಲ್ಲ, ಮಣ್ಣಿನಲ್ಲಿ ಅಡ್ಡವಾಗಿ ಮಲಗಿ ಬೆಳೆಯುವ ಕಾಂಡ ಎಂದು ಅವರಿಗೆ ಪುಸ್ತಕ ಓದದೆಯೇ ಗೊತ್ತಿತ್ತು. ನಮ್ಮ ಶುಂಠಿ, ಅರಿಶಿನಗಳೂ ಹಾಗೆಯೇ. ಸಸ್ಯಶಾಸ್ತ್ರದವರು ಇದಕ್ಕೆ ಗುಪ್ತಕಾಂಡ ಎನ್ನುತ್ತಾರೆ. ಎಲೆ ದುಡಿದದ್ದನ್ನೆಲ್ಲ ಅದು ಒಳಗೆ ಹಿಟ್ಟಾಗಿ ಕೂಡಿಟ್ಟುಕೊಳ್ಳುತ್ತದೆ. ಹಿಮ ಬಿದ್ದರೂ, ನೀರು ನಿಂತು ಹೋದರೂ, ಕಿತ್ತು ಬುಟ್ಟಿಗೆ ಹಾಕಿದರೂ ಆ ಗಂಟಿನ ಬಲದ ಮೇಲೆ ಕಾಯುತ್ತದೆ.

ಮಾತಾಜಿ ಇನ್ನೊಂದು ಸಂಗತಿ ತೋರಿಸಿಕೊಟ್ಟರು. ಒಮ್ಮೆ ಹೂದಂಟು ಎದ್ದ ಗಡ್ಡೆ ಮತ್ತೊಮ್ಮೆ ಹೂ ಬಿಡುವುದಿಲ್ಲ. ಅದರ ಎರಡೂ ಪಕ್ಕದಲ್ಲಿ ಮರಿಗಳು ಒಡೆಯುತ್ತವೆ. ಮುಂದಿನ ಹೂ ಆ ಮರಿಗಳದ್ದು. ಹಳೆಯ ತಾಯಿಗಡ್ಡೆ ಸುಮ್ಮನೆ ನಡುವೆ ಮಲಗಿ ಮರಿಗಳಿಗೆ ಕೆಲವು ಕಾಲ ಆಸರೆಯಾಗಿದ್ದು ಆಮೇಲೆ ಸೊರಗುತ್ತದೆ. ಮೂರು ನಾಲ್ಕು ವರ್ಷಕ್ಕೊಮ್ಮೆ, ಹೂ ಮುಗಿದ ಮೇಲೆ, ಜುಲೈ ಆಗಸ್ಟಿನ ಹೊತ್ತಿಗೆ ಎಲ್ಲವನ್ನೂ ಅಗೆದು, ಮರಿಗಳನ್ನು ಮುರಿದು ಬೇರೆ ಬೇರೆ ನೆಡಬೇಕು. ಇಲ್ಲದಿದ್ದರೆ ಒಂದರ ಮೇಲೊಂದು ಹತ್ತಿ ಯಾವುದಕ್ಕೂ ಜಾಗವಿಲ್ಲದೆ ಹೂ ನಿಂತುಹೋಗುತ್ತದೆ. ನೆಡುವಾಗ ಬೇರು ಮಾತ್ರ ಮಣ್ಣಿನೊಳಗೆ, ಗಡ್ಡೆಯ ಬೆನ್ನು ಮೇಲೆ ಕಾಣಬೇಕು. ನಮ್ಮೂರಿನ ಕೆರೆಯಲ್ಲಿ ಎಮ್ಮೆ ಮಲಗಿರುತ್ತದಲ್ಲ, ಬೆನ್ನು ಬಿಸಿಲಿಗೆ, ಹೊಟ್ಟೆ ನೀರಿಗೆ, ಥೇಟ್ ಹಾಗೆ.

2007ರಲ್ಲಿ ದೆಹಲಿಗೆ ಮರಳಿ ವರ್ಗವಾದಾಗ ಮಾತಾಜಿ ಏಳು ಗಡ್ಡೆಗಳನ್ನು ಹಿಂದಿ ಪತ್ರಿಕೆಯಲ್ಲಿ ಸುತ್ತಿ ಕೊಟ್ಟರು. ಸಾಮಾನಿನ ಗಲಾಟೆಯಲ್ಲಿ ಆ ಪೊಟ್ಟಣ ಮಂಚದ ಕೆಳಗಿನ ಟ್ರಂಕಿನಲ್ಲಿ ಒಂದೂವರೆ ತಿಂಗಳು ಮರೆತೇ ಹೋಯಿತು. ನೆನಪಾಗಿ ಬಿಚ್ಚಿದರೆ ಕತ್ತಲಲ್ಲಿ, ಮಣ್ಣಿಲ್ಲದೆ, ಹನಿ ನೀರಿಲ್ಲದೆ ಏಳರಲ್ಲಿ ಐದು ಚಿಗುರಿದ್ದವು! ಕಾಗದದೊಳಗೆ ಬೆಳ್ಳಗೆ ಬಾಗಿದ ಮೊಳಕೆಗಳು. ಮಗಳನ್ನು ಕರೆದು ತೋರಿಸಿದೆ. "ಪಾಪ, ಬಾಯಾರಿಕೆ ಆಗಿರ್ತು" ಎಂದಳು ಹತ್ತು ವರ್ಷದ ಹುಡುಗಿ.

ಆ 'ಆಗಿರ್ತು' ಗಮನಿಸಿದಿರಾ? ಅದು ನಮ್ಮ ಸಾಗರದ ಕಡೆಯ ಹವ್ಯಕರ ಮನೆಮಾತು. ಅವಳು ಅದನ್ನು ಕಲಿತದ್ದು ನನ್ನಿಂದ ಮತ್ತು ನನ್ನ ತಾಯಿಯಿಂದ. ನನ್ನ ತಾಯಿಯನ್ನು ಅವಳು ಅಮ್ಮಮ್ಮ ಎನ್ನುತ್ತಾಳೆ. ಪ್ರತಿ ಬೇಸಿಗೆ ರಜೆಯಲ್ಲಿ ಅಮ್ಮಮ್ಮನ ಸೆರಗು ಹಿಡಿದು ತೋಟ ಸುತ್ತುತ್ತಿದ್ದಳು. ಶಿಮ್ಲಾದಲ್ಲಿ ಕನ್ನಡದ ನೆರೆಹೊರೆ ಇರಲಿಲ್ಲ. ಆದ್ದರಿಂದ ಅವಳಿಗೆ ಗೊತ್ತಿದ್ದ ಕನ್ನಡವೆಂದರೆ ಅದೊಂದೇ.

ಈ ಮನೆಮಾತಿನಲ್ಲಿ ಒಂದು ವಿಶೇಷವಿದೆ. ಹೆಂಗಸರನ್ನು ಕುರಿತು ಹೇಳುವಾಗಲೂ 'ಅವಳು ಬಂದಳು' ಎನ್ನುವುದಿಲ್ಲ, 'ಅದು ಬಂತು' ಎನ್ನುತ್ತೇವೆ. ಅಕ್ಕ ಬಂತು, ಅತ್ತೆ ಹೇಳ್ತು. ಅದರಲ್ಲಿ ಅಗೌರವ ಎಳ್ಳಷ್ಟೂ ಇಲ್ಲ. ಹೊರಗಿನವರ ಕಿವಿಗೆ ಮಾತ್ರ ವಿಚಿತ್ರವಾಗಿ ಕೇಳುತ್ತದೆ.

ಈಗ ನಾನು ಹೇಳಬೇಕಾದ ಕಷ್ಟದ ಮಾತಿಗೆ ಬರುತ್ತೇನೆ. 2008ರ ನವೆಂಬರ್. ರಾಜ್ಯೋತ್ಸವದ ಒಂದು ಕಾರ್ಯಕ್ರಮ. ಮಕ್ಕಳು 'ನನ್ನ ಅಜ್ಜಿ' ಎಂಬ ವಿಷಯದ ಮೇಲೆ ಎರಡು ನಿಮಿಷ ಮಾತಾಡಬೇಕಿತ್ತು. ಮಗಳು ಹಸಿರು ಲಂಗ ತೊಟ್ಟು ಮೈಕಿನ ಮುಂದೆ ನಿಂತಳು. "ನಮ್ಮ ಅಮ್ಮಮ್ಮ ಸಾಗರದಲ್ಲಿ ಇದ್ದು. ಅದು ದೋಸೆ ಮಾಡ್ತು. ಅದು ನಂಗೆ ಕತೆ ಹೇಳ್ತು" ಎಂದಳು. ಸಭೆ ಗೊಳ್ಳೆಂದು ನಕ್ಕಿತು. ಯಾರೋ ಹಿಂದಿನಿಂದ "ಅಜ್ಜಿಯೋ, ಹಸುವೋ?" ಎಂದರು. ಇನ್ನೊಮ್ಮೆ ನಗು. ಅವಳು ಮುಂದಿನ ಸಾಲಿನಲ್ಲಿ ಕುಳಿತಿದ್ದ ನನ್ನ ಮುಖ ನೋಡಿದಳು.

ನಾನೂ ನಗುತ್ತಿದ್ದೆ.

ಮಕ್ಕಳೇ, ಬೇರೆಯವರಿಗೆ ಆ ಮಾತು ಗೊತ್ತಿರಲಿಲ್ಲ, ನಕ್ಕರು. ನನಗೆ ಗೊತ್ತಿತ್ತು. ಅವಳಾಡಿದ್ದು ತಪ್ಪು ಕನ್ನಡವಲ್ಲ, ನನ್ನ ತಾಯಿಯ ಕನ್ನಡ ಎಂದು ಆ ಸಭೆಯಲ್ಲಿ ಬಲ್ಲವಳು ಬಹುಶಃ ನಾನೊಬ್ಬಳೇ. ಎದ್ದು ನಿಂತು "ಇದು ನಮ್ಮ ಕಡೆಯ ಮಾತು" ಎನ್ನಲು ಅರ್ಧ ನಿಮಿಷ ಸಾಕಿತ್ತು. ಅಕ್ಕಪಕ್ಕದವರ ಮುಂದೆ ಸಂಕೋಚವಾಗಿ ಅವರೊಡನೆ ನಕ್ಕುಬಿಟ್ಟೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರಲ್ಲ, ಅಂದು ನಾನೂ ಬೆಕ್ಕಿನ ಪಕ್ಷ ಸೇರಿದ್ದೆ.

ಅಂದು ರಾತ್ರಿ ಊಟಕ್ಕೆ ಕರೆದಾಗ ಅವಳು ಹಿಂದಿಯಲ್ಲಿ ಉತ್ತರ ಕೊಟ್ಟಳು. ಮರುದಿನವೂ ಹಿಂದಿ. ಅದಾದ ಮೇಲೆ ನಾನು ಕನ್ನಡದಲ್ಲಿ ಕೇಳುವುದು, ಅವಳು ಹಿಂದಿಯಲ್ಲಿ ಹೇಳುವುದು, ಇದೇ ನಮ್ಮ ಮನೆಯ ಪದ್ಧತಿಯಾಯಿತು. ನಿಮ್ಮಲ್ಲಿ ಎಷ್ಟೋ ಜನರ ಮನೆಯಲ್ಲಿ ಇದೇ ಪದ್ಧತಿ ಇರಬಹುದು. ಕಾರಣ ಮಾತ್ರ ಒಂದೊಂದು ಮನೆಯಲ್ಲಿ ಒಂದೊಂದು.

ನಾನು ಸುಮ್ಮನಿರಲಿಲ್ಲ. ಊರಿನಿಂದ ವ್ಯಾಕರಣದ ಪುಸ್ತಕ ತರಿಸಿದೆ. ದಿನಕ್ಕೊಂದು ಪುಟ ಕಾಪಿ ಬರೆಸಿದೆ. ಅವಳು ಬಾಯಿ ಬಿಟ್ಟರೆ ತಿದ್ದಿದೆ. 'ಅದು' ಅಲ್ಲ 'ಅವರು', 'ಮಾಡ್ತು' ಅಲ್ಲ 'ಮಾಡುತ್ತಾರೆ'. ಅವಳು ಬಾಯಿ ಬಿಡುವುದನ್ನೇ ನಿಲ್ಲಿಸಿದಳು.

ಅದೇ ಕಾಲದಲ್ಲಿ ಕ್ವಾರ್ಟರ್ಸಿನ ಮುಂದಿನ ಸಣ್ಣ ಜಾಗದಲ್ಲಿ ಐರಿಸ್‌ಗೂ ನಾನು ಅದೇ ಉಪಚಾರ ಮಾಡುತ್ತಿದ್ದೆ. ದೆಹಲಿಯ ಬಿಸಿಲಿಗೆ ಬೆನ್ನು ಸುಟ್ಟೀತೆಂದು ಮಾತಾಜಿಯ ಮಾತು ಮೀರಿ ಆಳವಾಗಿ ಹೂತಿದ್ದೆ. ಮೇಲೆ ಹಸಿ ಸಗಣಿ ಗೊಬ್ಬರ, ದಿನವೂ ಎರಡು ಚೊಂಬು ನೀರು. 2009ರ ಮಳೆಗಾಲದಲ್ಲಿ ಎಲೆಗಳು ಬುಡದಲ್ಲಿ ಹಳದಿಯಾಗಿ ಕೈಗೆ ಕಳಚಿ ಬಂದವು. ಅಗೆದರೆ ಗಡ್ಡೆಗಳು ಒಳಗೇ ಲೊಳಲೊಳ ಕೊಳೆತಿದ್ದವು. ಆ ವಾಸನೆಯನ್ನು ಬರೆದು ತಿಳಿಸಲಾರೆ. ನೀರು ನಿಂತು ಗಾಳಿಯಾಡದಿದ್ದಾಗ ಒಂದು ಬಗೆಯ ಬ್ಯಾಕ್ಟೀರಿಯಾ ಸೇರಿ ಹೀಗೆ ಕರಗಿಸುತ್ತದೆ. ಹಿಮ ಕೊಲ್ಲದ್ದನ್ನು, ಟ್ರಂಕಿನ ಕತ್ತಲೆ ಕೊಲ್ಲದ್ದನ್ನು ನನ್ನ ಪ್ರೀತಿ ಕೊಂದಿತ್ತು. ಅತಿಯಾದರೆ ಅಮೃತವೂ ವಿಷ.

ಅಳುತ್ತಾ ಕೂರುವ ಬದಲು ಅಡುಗೆಮನೆಯ ಚಾಕು ತಂದೆ. ಕೊಳೆತದ್ದನ್ನೆಲ್ಲ ಗಟ್ಟಿ ಬಿಳಿ ತಿರುಳು ಸಿಗುವವರೆಗೆ ಕೆತ್ತಿ ತೆಗೆದೆ. ಉಳಿದದ್ದು ಮೂರು ತುಂಡು, ಒಂದೊಂದೂ ಹೆಬ್ಬೆರಳಿನಷ್ಟು. ಅವನ್ನು ಎರಡು ದಿನ ಬಿಸಿಲಲ್ಲಿಟ್ಟು, ಗಾಯ ಒಣಗಿದ ಮೇಲೆ, ಅರ್ಧ ಮರಳು ಬೆರೆಸಿದ ಮಣ್ಣಿನಲ್ಲಿ ಬೆನ್ನು ಕಾಣುವಂತೆ ಕೂರಿಸಿದೆ. ವಾರಕ್ಕೊಮ್ಮೆ ನೀರು. ಮತ್ತೆ ಮುಟ್ಟಲಿಲ್ಲ. ಮೂರೂ ಬದುಕಿದವು.

ಅಂದು ಕೈಯಲ್ಲಿ ಚಾಕು ಹಿಡಿದುಕೊಂಡೇ ನನಗೆ ಮಗಳ ವಿಷಯ ಹೊಳೆಯಿತೆಂದು ಬರೆದರೆ ಕತೆ ಚೆನ್ನಾಗಿರುತ್ತದೆ, ಆದರೆ ಸುಳ್ಳಾಗುತ್ತದೆ. ನನಗೆ ಅದು ಹೊಳೆಯಲು ಇನ್ನೂ ಎರಡು ವರ್ಷ ಬೇಕಾಯಿತು. ಆಮೇಲೆ ಕಾಪಿ ಬರೆಸುವುದನ್ನು ಬಿಟ್ಟೆ. ತಿದ್ದುವುದನ್ನು ಬಿಡಲು ಇನ್ನೂ ಹೆಚ್ಚು ಕಾಲ ಹಿಡಿಯಿತು.

ಗಡ್ಡೆಗಳು ಬದುಕಿದವು ಎಂದೆನಲ್ಲ, ಹೂ ಬಿಡಲಿಲ್ಲ. ಗಡ್ಡದ ಐರಿಸ್‌ಗೆ ಹೂಮೊಗ್ಗು ಕಟ್ಟಲು ಉದ್ದನೆಯ, ನಿಜವಾದ ಚಳಿಗಾಲ ಬೇಕು. ದೆಹಲಿಯ ಚಳಿ ನಮ್ಮಂಥ ದಕ್ಷಿಣದವರಿಗೆ ಸಾಕೋ ಸಾಕು, ಅದಕ್ಕೆ ಸಾಲದು. 2016ರಲ್ಲಿ ಕ್ವಾರ್ಟರ್ಸ್ ಬಿಟ್ಟು ಮೂರನೆಯ ಮಹಡಿಯ ಈ ಫ್ಲಾಟಿಗೆ ಬಂದಾಗ ನಮ್ಮ ಮನೆಯವರು, "ಹೂ ಬಿಡದ ಹುಲ್ಲನ್ನು ಲಾರಿಯಲ್ಲಿ ಏಕೆ ಹೊರಬೇಕು?" ಎಂದರು. ಗಡ್ಡೆ ಗಟ್ಟಿಯಾಗಿದೆ, ಎಲೆ ಹಸಿರಾಗಿದೆ, ಪ್ರತಿ ವರ್ಷ ಮರಿ ಹಾಕುತ್ತಿದೆ. ಹೂ ಬಿಡದಿದ್ದರೆ ತಪ್ಪು ಗಡ್ಡೆಯದ್ದೇ? ಹೊತ್ತೇ ತಂದೆ.

ಇಲ್ಲಿ ಇನ್ನೊಂದು ಗಡ್ಡೆಯನ್ನು ನೆನೆಯಬೇಕು. ನಮ್ಮೂರಿನ ತೋಟದ ಕಾಲುವೆಯ ಬದಿಯಲ್ಲಿ ಬಜೆ ಬೆಳೆಯುತ್ತದೆ. ಎಲೆ ನೋಡಿದರೆ ಐರಿಸ್ ಎಂದೇ ಅನ್ನಬೇಕು. ಇಂಗ್ಲಿಷಿನಲ್ಲೂ ಎರಡಕ್ಕೂ 'ಫ್ಲ್ಯಾಗ್' ಎಂಬ ಹೆಸರಿದೆ, ಬಜೆಗೆ 'ಸ್ವೀಟ್ ಫ್ಲ್ಯಾಗ್' ಎನ್ನುತ್ತಾರೆ. ಆದರೆ ಕುಲ ಬೇರೆ. ಬಜೆಗೆ ಸಂಸ್ಕೃತದಲ್ಲಿ 'ವಚಾ' ಎಂದು ಹೆಸರು. ವಚ ಎಂದರೆ ಮಾತು. ಹಸುಗೂಸಿನ ನಾಲಿಗೆಗೆ ಬಜೆ ತೇದು ಮುಟ್ಟಿಸಿದರೆ ಮಾತು ಸ್ಪಷ್ಟವಾಗಿ ಬರುತ್ತದೆಂದು ನಮ್ಮ ಹಿರಿಯರ ನಂಬಿಕೆ. ಈಗಿನ ವೈದ್ಯರು ಎಳೆಮಕ್ಕಳಿಗೆ ಅದು ಬೇಡವೆನ್ನುತ್ತಾರೆ, ಅವರ ಮಾತನ್ನೇ ಕೇಳಿ. 1997ರಲ್ಲಿ ಸಾಗರದ ಮನೆಯ ಬಾಣಂತಿ ಕೋಣೆಯಲ್ಲಿ ನನ್ನ ಮಗಳ ನಾಲಿಗೆಗೆ ಬಜೆ ಮುಟ್ಟಿಸಿದ್ದು ಅವಳ ಅಮ್ಮಮ್ಮ. ಹನ್ನೊಂದು ವರ್ಷಗಳ ನಂತರ ಅದೇ ನಾಲಿಗೆಯನ್ನು ಕಟ್ಟಿಹಾಕಿದ್ದು ಅವಳ ಅಮ್ಮ.

2021ರ ಸೆಪ್ಟೆಂಬರಿನಲ್ಲಿ ಮಗಳಿಗೆ ಕುಮಾವೂಂ ಬೆಟ್ಟದ ಮುಕ್ತೇಶ್ವರದ ಬಳಿ, ಹಳ್ಳಿ ಶಾಲೆಗಳಲ್ಲಿ ಮಕ್ಕಳಿಗೆ ಓದಿಸುವ ಕೆಲಸ ಸಿಕ್ಕಿತು. ಹೊರಡುವಾಗ ಅವಳ ಚೀಲದಲ್ಲಿ ಉಪ್ಪಿನಕಾಯಿ ಜಾಡಿಯ ಪಕ್ಕ ಎರಡು ಗಡ್ಡೆಗಳನ್ನು ಪತ್ರಿಕೆಯಲ್ಲಿ ಸುತ್ತಿಟ್ಟೆ. "ಬೆನ್ನು ಮೇಲಿರಲಿ. ಆಮೇಲೆ ಮರೆತುಬಿಡು" ಎಂದು ಹೇಳಿದೆ. ಅವಳು ಹಿಂದಿಯಲ್ಲಿ "ಆಯಿತು" ಎಂದಳು. 2022ರ ವಸಂತದಲ್ಲಿ ಹೂ ಬರಲಿಲ್ಲ. ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ.

2023ರ ಏಪ್ರಿಲ್ ಕೊನೆಯಲ್ಲಿ ನಾನು ಸಾಗರಕ್ಕೆ ಹೋದೆ. ಒಂದು ದಿನ ಮೊದಲೇ ತಲುಪಿದ್ದೆ, ಮಗಳಿಗೆ ತಿಳಿಸಿರಲಿಲ್ಲ. ಆದಿತ್ಯವಾರ ಬೆಳಿಗ್ಗೆ ನಾನು ಒಳಗೆ ದೋಸೆ ಹೊಯ್ಯುತ್ತಿದ್ದೆ. ಜಗುಲಿಯಲ್ಲಿ ಅಮ್ಮನ ಮೊಬೈಲು ಸದ್ದಾಯಿತು. ಅವರಿಗೆ ಕಿವಿ ಮಂದ, ಆದ್ದರಿಂದ ಯಾವಾಗಲೂ ಸ್ಪೀಕರಿನಲ್ಲೇ ಮಾತು.

"ಅಮ್ಮಮ್ಮ, ಹೂ ಬಂತು! ಅಮ್ಮ ಕೊಟ್ಟ ಗಡ್ಡೆಲಿ ಹೂ ಬಂತು!"

ಸಟ್ಟುಗ ಹಿಡಿದ ನನ್ನ ಕೈ ಅಲ್ಲೇ ನಿಂತಿತು. ಹದಿನೈದು ವರ್ಷಗಳಾಗಿದ್ದವು ನಾನು ಆ ಬಾಯಲ್ಲಿ ಈ ಮಾತು ಕೇಳಿ.

"ಅಮ್ಮಂಗೆ ಹೇಳಿದ್ಯ?" ಎಂದರು ಅಮ್ಮ.

"ಅದ್ಕೆ ಆಮೇಲೆ ಹೇಳ್ತಿ."

'ಅದು' ಎಂದರೆ ನಾನು. ಕಾವಲಿಯ ಮೇಲೆ ದೋಸೆ ಸೀದುಹೋಯಿತು.

ಆಮೇಲೆ ಅಮ್ಮ ಹೇಳಿದರು. 2020ರ ಲಾಕ್‌ಡೌನಿನಲ್ಲಿ ಅಮ್ಮಮ್ಮ ಒಬ್ಬಳೇ ಇರುವಳಲ್ಲ ಎಂದು ಮಗಳು ಫೋನು ಮಾಡಲು ಶುರುಮಾಡಿದ್ದಂತೆ. ಅಂದಿನಿಂದ ಆದಿತ್ಯವಾರ ತಪ್ಪಿದ್ದಿಲ್ಲ. ಮೊದಮೊದಲು ಮಾತಿಗೆ ಮಾತು ಕೂಡುತ್ತಿರಲಿಲ್ಲ, ನಡುವೆ ಹಿಂದಿ ಬರುತ್ತಿತ್ತು. ಅಮ್ಮನಿಗೆ ಹಿಂದಿ ಬಾರದು, ಮೊಮ್ಮಗಳಿಗೆ ಪದ ಸಿಗದು. ಇಬ್ಬರೂ ಕಾದು, ಹುಡುಕಿ, ದಾರಿ ಮಾಡಿಕೊಂಡರಂತೆ. ನನಗೇಕೆ ಹೇಳಲಿಲ್ಲ ಎಂದು ಕೇಳಿದೆ. "ನೀನು ತಿದ್ದುತ್ತೀಯಂತೆ" ಎಂದರು ಅಮ್ಮ, ತಿರುಗಿ ನೋಡದೆ, ಬಾಳೆಲೆ ಒರೆಸುತ್ತಾ.

ಆ ರಾತ್ರಿ ಮಗಳಿಗೆ ಫೋನು ಮಾಡಿ 2008ರ ಆ ನಗುವಿಗಾಗಿ ಕ್ಷಮೆ ಕೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಿಡಮ್ಮ, ಹಳೆಯದು" ಎಂದಳು. ಹಿಂದಿಯಲ್ಲೇ. ಇಂದಿಗೂ ನನ್ನೊಡನೆ ಅವಳು ಹೆಚ್ಚಾಗಿ ಹಿಂದಿಯನ್ನೇ ಆಡುತ್ತಾಳೆ. ಎಲ್ಲ ಸರಿಹೋಯಿತೆಂದು ನಿಮಗೆ ಸುಳ್ಳು ಹೇಳಲಾರೆ. ಈ ಲೇಖನ ಬರೆಯಲು ಒಪ್ಪಿಗೆ ಕೊಟ್ಟವಳು ಅವಳೇ. ಹೆಸರು ಮಾತ್ರ ಬೇಡವೆಂದಳು.

ಮಕ್ಕಳೇ, ನಿಮಗೆ ಹೇಳಬೇಕೆಂದಿದ್ದು ಇಷ್ಟೇ. ನಿಮ್ಮ ಕನ್ನಡ ಕೇಳಿ ಎಂದಾದರೂ ಯಾರಾದರೂ ನಕ್ಕಿದ್ದರೆ, ಅವರಲ್ಲಿ ನನ್ನಂಥವರೂ ಇದ್ದರೆ, ಅವರೆಲ್ಲರ ಪರವಾಗಿ ನಾನು ಕ್ಷಮೆ ಕೇಳುತ್ತೇನೆ. ಧಾರವಾಡದ್ದಾಗಲಿ, ಮಂಗಳೂರಿನದಾಗಲಿ, ಮಂಡ್ಯದ್ದಾಗಲಿ, ಕಲಬುರಗಿಯದಾಗಲಿ, ನಿಮ್ಮ ಮನೆಯಲ್ಲಿ ಆಡುವ ಮಾತು ಪುಸ್ತಕದ ಮಾತಿಗಿಂತ ಕೀಳಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ನಾವು ಹಿರಿಯರು ಬಾಯಲ್ಲಿ ಹೇಳುತ್ತೇವೆ, ಕಿತ್ತೆಸೆಯುವುದೂ ಹಿತ್ತಲ ಗಿಡವನ್ನೇ. ನಾಲಿಗೆಗೆ ಬಾರದ ಮಾತ್ರಕ್ಕೆ ಭಾಷೆ ಸತ್ತಿತೆಂದು ನೀವೇ ತೀರ್ಮಾನ ಮಾಡಿಕೊಳ್ಳಬೇಡಿ. ಕೇಳಿದರೆ ಅರ್ಥವಾಗುತ್ತದೆ ತಾನೇ? ಹಾಗಾದರೆ ಗಡ್ಡೆ ಗಟ್ಟಿಯಾಗಿದೆ. ನಗದೆ ಕೇಳಿಸಿಕೊಳ್ಳುವ ಒಬ್ಬರನ್ನು ಹುಡುಕಿಕೊಳ್ಳಿ. ಸಾಮಾನ್ಯವಾಗಿ ಅವರು ಊರಿನಲ್ಲಿ ಒಬ್ಬರೇ ಇರುತ್ತಾರೆ, ಕಿವಿ ಸ್ವಲ್ಪ ಮಂದವಿರುತ್ತದೆ, ಆದಿತ್ಯವಾರ ಬಿಡುವಾಗಿರುತ್ತಾರೆ. ಕಿವಿ ಎಷ್ಟು ದಿನ ಕೇಳುತ್ತದೋ ಅಷ್ಟೇ ಕಾಲ ನಿಮಗಿರುವುದು. ಇದನ್ನು ಮಾತ್ರ ಮುಂದೂಡಬೇಡಿ.

ಕೊನೆಗೊಂದು ಕೈಕೆಲಸ. ದೆಹಲಿಯ ಬಾಲ್ಕನಿಯಲ್ಲಿ ಐರಿಸ್ ಹೂ ಬಿಡದು, ಆದರೆ ಅರಿಶಿನ ಸೊಗಸಾಗಿ ಬರುತ್ತದೆ. ಮೇ ಜೂನಿನಲ್ಲಿ ಕಣ್ಣು ಮೂಡಿದ ಒಂದು ಹಸಿ ಕೊಂಬನ್ನು ಅಗಲವಾದ ಕುಂಡದಲ್ಲಿ ಎರಡು ಬೆರಳು ಆಳಕ್ಕೆ ಹಾಕಿ. ಗಣೇಶನ ಹಬ್ಬದ ಹೊತ್ತಿಗೆ ಕಡುಬು ಮಾಡುವಷ್ಟು ಎಲೆ ಸಿಗುತ್ತದೆ. ಜನವರಿಯ ಹೊತ್ತಿಗೆ ಎಲೆಗಳೆಲ್ಲ ಒಣಗಿ ಮಲಗುತ್ತವೆ. ಆಗ ಸತ್ತಿತೆಂದು ಕುಂಡ ಎಸೆಯಬೇಡಿ. ಮಣ್ಣು ಕೆದಕಿ ನೋಡಿ.

ಗಡ್ಡೆ ಬೇಕಾದವರು ಮುಂದಿನ ಸಭೆಯಲ್ಲಿ ನನ್ನನ್ನು ಕೇಳಿ. ಹಂಚುವುದಕ್ಕೆ ಬೇಕಾದಷ್ಟಿದೆ. ಯಾವ ಕನ್ನಡದಲ್ಲಿ ಕೇಳಿದರೂ ಕೊಡುತ್ತೇನೆ. ತಿದ್ದುವುದಿಲ್ಲ.

ನಿಮ್ಮ ಪ್ರೀತಿಯ,
ಓರ್ವ ಗೃಹಿಣಿ